ಪೆನ್‌ಡ್ರೈವಿನೊಳಗಿನ ತವರು

ನನಗೊಂದು ಜಂಬವಿದೆ. ಮುಂದಿನ ಫಜೀತಿಯೆಲ್ಲ ಅದರ ಸುತ್ತಲೇ ನಡೆದದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಕೆಲವರಿಗೆ ತಾವು ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿಯ ಬಗ್ಗೆ, ಕೆಲವರಿಗೆ ಅಳಿಯನ ಬಗ್ಗೆ ಜಂಬ ಇರುತ್ತದಲ್ಲ, ಹಾಗೆ ನನಗೆ ನನ್ನ ಕಂಪ್ಯೂಟರಿನ ಬಗ್ಗೆ. ಅದರ ರೂಪದ ಬಗ್ಗೆ ಅಲ್ಲ. ಅದು ಹಳೆಯದು, ಫ್ಯಾನು ತಿರುಗತೊಡಗಿದರೆ ಪಕ್ಕದ ಮನೆಯವರು ಮಿಕ್ಸಿ ಹಾಕಿದರೋ ಎಂದು ಅನುಮಾನ ಬರುತ್ತದೆ. ಜಂಬ ಇರುವುದು ಅದರೊಳಗಿನ ಲಿನಕ್ಸಿನ ಬಗ್ಗೆ. ಸಾಗರದ ನಮ್ಮ ಬೀದಿಯಲ್ಲಿ ಲಿನಕ್ಸ್ ಇಟ್ಟುಕೊಂಡ ಮನೆ ನಮ್ಮದೊಂದೇ. ಮನೆಮನೆಗೆ ಹೋಗಿ ವಿಚಾರಿಸಿದ್ದೇನೆಂದಲ್ಲ. ಆದರೆ ಜಂಬಪಡುವವರು ವಿಚಾರಿಸಲು ಹೋಗುವುದಿಲ್ಲ.

ನಾನು ಹೊಸನಗರದ ಕಡೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದವಳು. ನಿವೃತ್ತಿ ಹತ್ತಿರ ಬಂದಾಗ ಯಾರೂ ಹೋಗಲು ಒಪ್ಪದ ಒಂದು ಕಂಪ್ಯೂಟರ್ ತರಬೇತಿಗೆ ನನ್ನನ್ನು ಕಳಿಸಿದರು. ಮಧ್ಯಾಹ್ನದ ಊಟ ಚೆನ್ನಾಗಿರುತ್ತದೆ ಎಂದು ಸಮಾಧಾನ ಹೇಳಿ ಕಳಿಸಿದ್ದರು. ಊಟ ಅಷ್ಟಕ್ಕಷ್ಟೇ ಇತ್ತು, ಆದರೆ ಅಲ್ಲಿ ಕಲಿಸಿದ ಲಿನಕ್ಸ್ ನನಗೆ ಹಿಡಿಸಿತು. ಕಂಪ್ಯೂಟರನ್ನು ನಡೆಸುವ ಇಂಥದೊಂದು ವ್ಯವಸ್ಥೆಯನ್ನು ಪ್ರಪಂಚದ ಮೂಲೆಮೂಲೆಯ ಜನ ಸೇರಿ ಕಟ್ಟಿದ್ದಾರೆ, ಊರ ಕೆರೆಯ ಹಾಗೆ ಅದು ಎಲ್ಲರಿಗೂ ಸೇರಿದ್ದು ಎಂದಾಗ, ಸಹಕಾರ ತತ್ತ್ವದ ಪಾಠವನ್ನು ವರ್ಷವರ್ಷವೂ ಮಾಡಿ ಬೇಸತ್ತಿದ್ದ ನನಗೆ ಕೊನೆಗೂ ಒಂದು ಉದಾಹರಣೆ ಸಿಕ್ಕಂತಾಯಿತು. ಮನೆಗೆ ಬಂದವಳೇ ನಮ್ಮ ಕಂಪ್ಯೂಟರಿಗೂ ಅದನ್ನೇ ಹಾಕಿದೆ. ಇದಕ್ಕೆ ವೈರಸ್ ತಗಲುವುದಿಲ್ಲ ಎಂದು ಕಂಡಕಂಡವರಿಗೆ ಹೇಳಿದೆ. ನಮ್ಮ ಕಡೆ ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವು ಮದುವೆಮನೆಗೆ ಹೋಗಿ ಬಂದ ಮಕ್ಕಳ ಹಾಗೆ ಏನಾದರೊಂದನ್ನು ಅಂಟಿಸಿಕೊಂಡೇ ಬರುವುದರಿಂದ ಈ ಮಾತಿಗೆ ಬೆಲೆಯೂ ಇತ್ತು.

ನಮ್ಮನೆಯವರಿಗೆ ಮಾತ್ರ ಲಿನಕ್ಸನ್ನು ಕಂಡರೆ ಆಗದು. ಅದರಲ್ಲಿ ಎಲ್ಲವೂ ಬೇರೆ ಜಾಗದಲ್ಲಿರುತ್ತದೆ ಎಂಬುದು ಅವರ ದೂರು. ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆಯೆಂದು ಮದುವೆಯಾದಂದಿನಿಂದ ಕೇಳುತ್ತಿರುವ ಮನುಷ್ಯ ಹೀಗೆ ಹೇಳಿದರೆ ಅದು ಲಿನಕ್ಸಿನ ತಪ್ಪು ಹೇಗಾದೀತು? ಇನ್ನು ಅವರು ಪೆನ್‌ಡ್ರೈವನ್ನು ಕೀಳುವ ರೀತಿ. ಕೆಲಸ ಮುಗಿಯಿತೋ ಇಲ್ಲವೋ, ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳವನ್ನು ಕಿತ್ತ ಹಾಗೆ ಸೆಳೆದೇ ಬಿಡುತ್ತಾರೆ. ಕಂಪ್ಯೂಟರಿಗೆ ಮೊದಲು ಹೇಳಬೇಕು, ಅದು ಬರೆಯುವುದನ್ನೆಲ್ಲ ಬರೆದು ಮುಗಿಸಿ ಒಪ್ಪಿಗೆ ಕೊಟ್ಟ ಮೇಲೆ ತೆಗೆಯಬೇಕು ಎಂದು ಎಷ್ಟು ಸಲ ಹೇಳಿದರೂ ಅಷ್ಟೇ. ನಮ್ಮ ಕಡೆ ಯಾರ ಮನೆಯಿಂದ ಹೊರಡುವಾಗಲೂ ಸುಮ್ಮನೆ ಎದ್ದು ನಡೆಯುವುದಿಲ್ಲ. 'ಬತ್ತಿ', ಅಂದರೆ ಬರುತ್ತೇನೆ, ಎನ್ನುತ್ತೇವೆ, ಅಂಗಳಕ್ಕೆ ಇಳಿದು ಇನ್ನೊಮ್ಮೆ ಎನ್ನುತ್ತೇವೆ, ಗೇಟಿನ ಹತ್ತಿರ ನಿಂತು ಅರ್ಧ ತಾಸು ಮಾತಾಡಿ ಮತ್ತೊಮ್ಮೆ ಎನ್ನುತ್ತೇವೆ. ಲಿನಕ್ಸಿಗೆ ಈ ಮರ್ಯಾದೆ ಗೊತ್ತಿದೆ, ಇವರಿಗೆ ಗೊತ್ತಿಲ್ಲ.

ಇಷ್ಟು ಪೀಠಿಕೆ ಏಕೆಂದರೆ, ಕಳೆದ ನವರಾತ್ರಿ ಮುಗಿದ ಮೇಲೆ ನನ್ನ ಈ ಲಿನಕ್ಸು ಒಂದು ಪೆನ್‌ಡ್ರೈವನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅದೂ ಎಂಥ ಪೆನ್‌ಡ್ರೈವು! ಅದರೊಳಗೆ ನನ್ನ ಅತ್ತೆಯ ತವರುಮನೆ ಇತ್ತು.

ಅತ್ತೆಗೆ ಎಂಬತ್ತು ದಾಟಿದೆ. ನಮ್ಮ ಜೊತೆಗೇ ಇದ್ದಾರೆ. ಸರಿಯಾಗಿ ಹೇಳುವುದಾದರೆ ನಾವು ಅವರ ಜೊತೆಗಿದ್ದೇವೆ. ಅವರ ತವರೂರು ಲಿಂಗನಮಕ್ಕಿಯ ಹಿನ್ನೀರಿನ ಅಡಿಯಲ್ಲಿದೆ. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಮುಳುಗಿದ ಹಳ್ಳಿಗಳಲ್ಲಿ ಅದೂ ಒಂದು. ಆಗ ಅತ್ತೆಗೆ ಮದುವೆಯ ವಯಸ್ಸು. ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿ ಬೇರೆ ಊರಿಗೆ ಹೋದರು. ಅತ್ತೆ ಮದುವೆಯಾಗಿ ಸಾಗರಕ್ಕೆ ಬಂದರು. ಉಳಿದ ಹೆಂಗಸರೆಲ್ಲ ಹಬ್ಬಕ್ಕೆ, ಬಾಣಂತನಕ್ಕೆ, ಸಿಟ್ಟು ಬಂದಾಗ ತವರಿಗೆ ಹೋಗುತ್ತಿದ್ದರೆ ಇವರಿಗೆ ಹುಟ್ಟಿದ ಮನೆಯೇ ಇರಲಿಲ್ಲ. ಸಿಟ್ಟು ಬಂದರೆ ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುತ್ತಿದ್ದರಂತೆ. ನಾನೋ, ಅಣೆಕಟ್ಟಿನ ಉಪಯೋಗಗಳನ್ನು ಪಟ್ಟಿಮಾಡಿ ಎಂದು ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಉತ್ತರ ಬಾಯಿಪಾಠ ಮಾಡಿಸಿ ಸಂಜೆ ಇದೇ ಅತ್ತೆಯ ಕೈಯ ಕಾಫಿ ಕುಡಿಯುತ್ತಿದ್ದೆ. ನನ್ನ ಕಂಪ್ಯೂಟರ್ ಓಡುವುದೂ ಪ್ರಾಯಶಃ ಆ ನೀರಿನ ಕರೆಂಟಿನಲ್ಲೇ.

ಬೇಸಿಗೆ ಬಲವಾದ ವರ್ಷಗಳಲ್ಲಿ ಹಿನ್ನೀರು ಕೆಳಗಿಳಿದು ಹಳೆಯ ಊರುಗಳ ಗೋಡೆಯ ಬುಡ, ಮೆಟ್ಟಿಲು, ಕರಿಬಣ್ಣಕ್ಕೆ ತಿರುಗಿದ ಮರದ ಬೊಡ್ಡೆಗಳೆಲ್ಲ ಮೇಲೆ ಬರುತ್ತವೆ. ಅತ್ತೆಗೆ ಹೋಗಿ ನೋಡುವ ಆಸೆ ಬಹಳ ಕಾಲದ್ದು. ಆದರೆ ಮಂಡಿ ಬಿಡಬೇಕಲ್ಲ. ಜೀಪು ಹೋಗುವಷ್ಟು ದೂರ ಹೋಗಿ ಆಮೇಲೆ ಒಡೆದ ಕೆಸರಿನ ಮೇಲೆ ನಡೆಯಬೇಕು. ಹಾಗಾಗಿ ಕಳೆದ ಬೇಸಿಗೆಯಲ್ಲಿ ಅವರ ಅಣ್ಣನ ಮಗ ಗಣಪತಿ ತಾನೇ ಹೊರಟ. ಗಣಪತಿ ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಲೈಬ್ರರಿ ನೋಡಿಕೊಳ್ಳುವವನು. ಊರು ಮುಳುಗಿದ ಮೇಲೆ ಹುಟ್ಟಿದವನಾದ್ದರಿಂದ ಅವನೂ ಅದನ್ನು ಕಂಡಿರಲಿಲ್ಲ. ಗೆಳೆಯನ ವೀಡಿಯೊ ಕ್ಯಾಮೆರಾ ಕೇಳಿ ಪಡೆದು, ಅಲ್ಲಿ ದನ ಮೇಯಿಸುತ್ತಿದ್ದವರನ್ನು ವಿಚಾರಿಸಿ, ಮನೆ ಹುಡುಕಿ, ವೀಡಿಯೊ ಮಾಡಿಕೊಂಡು, ಪೆನ್‌ಡ್ರೈವಿಗೆ ಹಾಕಿಸಿ ಇಟ್ಟುಕೊಂಡ. ಮಳೆಗಾಲವೆಲ್ಲ ಬರುತ್ತೇನೆ ಬರುತ್ತೇನೆ ಎಂದವನು ಬಂದದ್ದು ಆಯುಧ ಪೂಜೆಯ ಹಿಂದಿನ ದಿನ.

"ಅತ್ತೇ, ನಿನ್ನ ಮನೆ ಇದ್ರೊಳಗೆ ಇದ್ದು, ತಗ" ಎಂದು ಪೆನ್‌ಡ್ರೈವನ್ನು ಅತ್ತೆಯ ಅಂಗೈಯಲ್ಲಿಟ್ಟ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಮುಚ್ಚಳ ಎಲ್ಲೋ ಕಳೆದುಹೋಗಿದ್ದ, ಹೆಬ್ಬೆರಳಿನಷ್ಟು ಉದ್ದದ ಕಪ್ಪು ವಸ್ತು. ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡರು. ಆವತ್ತೇ ನೋಡಿಬಿಡೋಣ ಎಂದರೆ ಕರೆಂಟಿಲ್ಲ. ಕರೆಂಟು ಬಂದಾಗ ನೆಂಟರು ಬಂದರು. ಮರುದಿನ ಪೂಜೆ, ಅದರ ಮರುದಿನ ದಶಮಿ. ನಮ್ಮಲ್ಲಿ ಹಬ್ಬವೆಂದರೆ ಹೋಳಿಗೆ ತಟ್ಟುವವರಿಗೆ ತಲೆ ಎತ್ತಲೂ ಬಿಡುವಿರುವುದಿಲ್ಲ. ಹಬ್ಬ ಮುಗಿಯಲಿ ಅತ್ತೆ, ನಿಧಾನಕ್ಕೆ ಕೂತು ನೋಡೋಣ ಎಂದೆ. ಇಷ್ಟು ವರ್ಷ ಕಾದವರು ಅದಕ್ಕೂ ಹೂಂ ಎಂದರು.

ನೋಡುವ ದಿನ ಬಂತು. ಅತ್ತೆ ಬೆಳಗಿನ ತಿಂಡಿ ಮುಗಿಸಿ, ಸೀರೆ ಬದಲಿಸಿ, ತಲೆ ಬಾಚಿ, ತುರುಬಿಗೆ ಹೂ ಮುಡಿದು ಬಂದು ಕಂಪ್ಯೂಟರಿನ ಎದುರು ಕುರ್ಚಿಯಲ್ಲಿ ಕುಳಿತರು. ಬಸ್ಸು ಹತ್ತಿ ತವರಿಗೆ ಹೊರಟವರ ಕಳೆ ಮುಖದಲ್ಲಿ. ನಾನು ಗತ್ತಿನಿಂದ ಪೆನ್‌ಡ್ರೈವನ್ನು ಸಿಕ್ಕಿಸಿದೆ. ಏನೂ ಆಗಲಿಲ್ಲ. ತೆಗೆದೆ, ಮತ್ತೆ ಸಿಕ್ಕಿಸಿದೆ. ಮಗ್ಗುಲು ಬದಲಿಸಿ ಸಿಕ್ಕಿಸಲು ನೋಡಿದೆ, ಅದು ಒಳಗೇ ಹೋಗಲಿಲ್ಲ. ಮೊದಲಿನ ಮಗ್ಗುಲಿಗೇ ಬಂದೆ.

"ಎಂತ ಆತೇ ಸುಮಾ?"

"ಕಾಣ್ತಾ ಇಲ್ಲೆ ಅತ್ತೆ."

"ಎಂತ ಕಾಣ್ತಾ ಇಲ್ಲೆ? ಮನೆಯ?"

"ಮನೆ ಇರ್ಲಿ, ಪೆನ್‌ಡ್ರೈವೇ ಕಾಣ್ತಾ ಇಲ್ಲೆ."

ಅತ್ತೆ ಬಗ್ಗಿ ನೋಡಿದರು. "ಅಲ್ಲೇ ಸಿಕ್ಕಿಸಿದ್ಯಲೇ! ಎಂಗೆ ಇಲ್ಲಿಂದ ಕಾಣ್ತು."

ತನಗೆ ಕಾಣುವುದು ನಿನಗೇಕೆ ಕಾಣದು ಎಂಬ ಇಂಥ ಮಾತಿಗೆ ತರಬೇತಿಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ನಾನು ಟರ್ಮಿನಲ್ ತೆರೆದೆ. ಟರ್ಮಿನಲ್ ಎಂದರೆ ಚಿತ್ರ, ಬಣ್ಣ ಏನೂ ಇಲ್ಲದ ಕಪ್ಪು ಚೌಕ. ಅದರಲ್ಲಿ ಆಜ್ಞೆಗಳನ್ನು ಅಕ್ಷರದಲ್ಲೇ ಬರೆಯಬೇಕು. ಲಿನಕ್ಸ್ ಬಲ್ಲವರಿಗೆ ಅದನ್ನು ನಾಲ್ಕು ಜನರೆದುರು ತೆರೆಯುವುದರಲ್ಲಿ ಒಂದು ಸುಖವಿದೆ. ಯುಎಸ್‌ಬಿಗೆ ಚುಚ್ಚಿರುವ ಎಲ್ಲ ವಸ್ತುಗಳ ಹಾಜರಿ ಹೇಳು ಎಂದು ಒಂದು ಆಜ್ಞೆ ಕೊಟ್ಟೆ. ಮೌಸ್ ಹಾಜರ್, ಕೀಬೋರ್ಡ್ ಹಾಜರ್. ಪೆನ್‌ಡ್ರೈವಿನ ಹೆಸರೇ ಇಲ್ಲ. ಕಂಪ್ಯೂಟರ್ ತನ್ನಷ್ಟಕ್ಕೆ ತಾನು ಆಡಿಕೊಳ್ಳುವ ಮಾತುಗಳನ್ನೆಲ್ಲ ತೋರಿಸುವ ಇನ್ನೊಂದು ಆಜ್ಞೆ ಇದೆ. ಸಾಮಾನ್ಯವಾಗಿ ಏನನ್ನೇ ಚುಚ್ಚಿದರೂ ಅದರಲ್ಲಿ ಸಾಲುಸಾಲು ವರದಿ ಬರುತ್ತದೆ. ಬಂದವರು ಯಾರು, ಯಾವ ಕುಲ, ಹೊಟ್ಟೆ ಎಷ್ಟು ದೊಡ್ಡದು ಎಂದು ನಮ್ಮ ಕಡೆಯ ಹಿರಿಯರು ಬಸ್ಸಿನಲ್ಲಿ ಪಕ್ಕ ಕೂತವರನ್ನು ವಿಚಾರಿಸುವಷ್ಟೇ ವಿವರವಾಗಿ. ಈಗ ಅಲ್ಲೂ ಸದ್ದಿಲ್ಲ. ಚುಚ್ಚಿದೆ, ಕಿತ್ತೆ, ಹಿಂದಿನ ತೂತು, ಮುಂದಿನ ತೂತು, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದ್ದು, ಎಲ್ಲ ಆಯಿತು.

ತೀರ್ಥಹಳ್ಳಿಯಲ್ಲಿ ಕಾಲೇಜು ಓದುವಾಗ ನಮಗೊಬ್ಬರು ಸಂಸ್ಕೃತದ ಮೇಷ್ಟರಿದ್ದರು. ಅವರ ಪ್ರೀತಿಯ ವಿಷಯ ಅನುಪಲಬ್ಧಿ. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ. ಹೀಗೆ ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದೂ ತಿಳಿವಿನ ಒಂದು ದಾರಿ ಎನ್ನುತ್ತಾರೆ ಮೀಮಾಂಸಕರು. ನಾವು ಕ್ಲಾಸಿಗೆ ಚಕ್ಕರ್ ಹೊಡೆದಾಗ ಅವರು ಬೆಂಚು ನೋಡಿ, "ಅನುಪಲಬ್ಧಿ" ಎಂದಷ್ಟೇ ಹೇಳಿ ಹಾಜರಿ ಪುಸ್ತಕ ಮುಚ್ಚುತ್ತಿದ್ದರಂತೆ. ಆದರೆ ಅದಕ್ಕೊಂದು ಷರತ್ತಿದೆ ಎಂದೂ ಅವರೇ ಹೇಳಿದ್ದರು. ಕಾಣುವ ಯೋಗ್ಯತೆ ಇರುವ ವಸ್ತು, ಕಾಣುವಂಥ ಬೆಳಕಿನಲ್ಲಿ ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದು. ಕತ್ತಲೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆಯೇ ಇಲ್ಲವೆಂದರೆ ಎಡವಿ ಬೀಳುತ್ತೀರಿ ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ನಾನು ಷರತ್ತನ್ನು ಬಿಟ್ಟು ಉಳಿದದ್ದನ್ನು ಮಾತ್ರ ಬರೆದಿದ್ದೆ. ಈಗ ನನ್ನ ಲಿನಕ್ಸೂ ಅದೇ ಮಾಡುತ್ತಿರುವಂತೆ ಕಂಡಿತು.

ನಮ್ಮನೆಯವರಿಗೆ ಮೀಮಾಂಸೆಯ ಗೋಜಿಲ್ಲ. ಪೇಪರ್ ಓದುತ್ತಿದ್ದವರು ಬಾಗಿಲಲ್ಲಿ ನಿಂತು, "ಒಂದೋ ಪೆನ್‌ಡ್ರೈವ್ ಸತ್ತು ಹೋಜು, ಇಲ್ದಿದ್ರೆ ನಿನ್ನ ಲಿನಕ್ಸ್ ಸತ್ತು ಹೋಜು" ಎಂದರು. ಅವರ ಧ್ವನಿಯಲ್ಲಿ ಎರಡನೆಯದರ ಕಡೆಗೇ ಒಲವಿತ್ತು. ನನಗೆ ಮೈಯೆಲ್ಲ ಉರಿಯಿತು. ಅತ್ತೆಯನ್ನು ಕುರ್ಚಿಯಲ್ಲೇ ಬಿಟ್ಟು, ಪೆನ್‌ಡ್ರೈವನ್ನು ಪರ್ಸಿನಲ್ಲಿಟ್ಟುಕೊಂಡು, ಯಾವ ಜೆರಾಕ್ಸ್ ಅಂಗಡಿಯನ್ನು ವೈರಸ್ಸಿನ ತವರೆಂದು ಸಾರುತ್ತ ಬಂದಿದ್ದೆನೋ ಅಲ್ಲಿಗೇ ಹೋದೆ.

ಅಂಗಡಿಯವರ ಕಂಪ್ಯೂಟರಿನಲ್ಲೂ ಅದು ಕಾಣಲಿಲ್ಲ. ನನಗೆ ಒಂದು ಕ್ಷಣ ಖುಷಿಯಾಯಿತು ಎಂಬುದನ್ನು ನಾಚಿಕೆ ಬಿಟ್ಟು ಹೇಳುತ್ತೇನೆ. ಲಿನಕ್ಸಿನ ಮಾನ ಉಳಿಯಿತಲ್ಲ! ಮರುಕ್ಷಣ ಅದರ ಅರ್ಥ ಹೊಳೆಯಿತು, ಹಾಗಾದರೆ ಕೆಟ್ಟದ್ದು ಪೆನ್‌ಡ್ರೈವೇ. ಅಂಗಡಿಯವರು ಪೆನ್‌ಡ್ರೈವನ್ನು ಮೇಜಿಗೆ ಎರಡು ಸಲ ಕುಟ್ಟಿ ವಾಪಸು ಕೊಟ್ಟರು.

"ಇದು ಹೋಗಿದೆ ಮೇಡಂ. ಹೊಸದು ತಗೊಂಡ್ ಹೋಗಿ, ಚೆನ್ನಾಗಿರೋದು ಬಂದಿದೆ."

"ಹೊಸದು ತಗೊಂಡು ಏನ್ಮಾಡ್ಲಿ? ಇದ್ರಲ್ಲಿ ಒಂದು ಊರಿದೆ" ಎಂದೆ. ಅವರು ನನ್ನನ್ನೂ ಪೆನ್‌ಡ್ರೈವನ್ನೂ ನೋಡಿ ಮುಂದಿನ ಗಿರಾಕಿಯ ಆಧಾರ್ ಕಾರ್ಡ್ ಕೈಗೆತ್ತಿಕೊಂಡರು.

ಅಲ್ಲಿಂದಲೇ ಗಣಪತಿಗೆ ಫೋನ್ ಮಾಡಿದೆ. "ಇಲ್ಲಿ ಚೆಂದ ಓಡಿತ್ತಲೇ ಸುಮಕ್ಕ! ನಿನ್ನ ಲಿನಕ್ಸಿಗೆ ಎಂತ ರೋಗ ಬಂತು?" ಎಂದ. ಲಿನಕ್ಸಿನ ಪರ ವಾದಿಸುವ ಚೈತನ್ಯ ಉಳಿದಿರಲಿಲ್ಲ. ಕ್ಯಾಮೆರಾದಲ್ಲಿ ಇನ್ನೊಂದು ಪ್ರತಿ ಇದೆಯೇ ಎಂದು ಕೇಳಿದೆ. "ಇಲ್ಲೆ ಸುಮಕ್ಕ. ಅದ್ರಲ್ಲಿ ಈಗ ಯಾರ್ದೋ ಮದ್ವೆ ಇದ್ದು" ಎಂದ. ಊರಿನ ಮೇಲೆ ನೀರು ನಿಂತಿತ್ತು, ಕ್ಯಾಮೆರಾದಲ್ಲಿ ಮದುವೆ ಕೂತಿತ್ತು, ಉಳಿದದ್ದು ನನ್ನ ಪರ್ಸಿನಲ್ಲಿದ್ದ ಈ ಕಪ್ಪು ತುಂಡು ಒಂದೇ.

ಮನೆಗೆ ಬಂದಾಗ ಅತ್ತೆ ಅದೇ ಕುರ್ಚಿಯಲ್ಲಿ ಕೂತಿದ್ದರು. ಹೇಳಿದೆ. ಅವರು ಬೈದಿದ್ದರೆ ಒಳ್ಳೆಯದಿತ್ತು.

"ನೀರು ಮತ್ತೆ ಇಳಿಯದು ಯಾವಾಗ?" ಎಂದು ಕೇಳಿದರು.

"ಬೇಸಿಗೆಗೆ ಅತ್ತೆ. ಮಳೆ ಹೆಚ್ಚಾದ್ರೆ ಅಷ್ಟು ಇಳಿತೂ ಇಲ್ಲೆ."

"ಹೂಂ" ಎಂದರು. ಗೋಡೆ ಹಿಡಿದುಕೊಂಡು ಎದ್ದು ಸೀರೆ ಬದಲಿಸಲು ಒಳಗೆ ಹೋದರು. ಅವರು ಹೂ ತೆಗೆದು ಕಿಟಕಿಯ ಮೇಲಿಟ್ಟದ್ದು ಬಾಗಿಲ ಸಂದಿಯಿಂದ ಕಂಡಿತು. ಮುಂದಿನ ಬೇಸಿಗೆ ಎಂಬ ಮಾತು ಎಂಬತ್ತು ದಾಟಿದವರಿಗೆ ನಮಗಿದ್ದಷ್ಟು ಹತ್ತಿರವಲ್ಲ. ನನಗೆ ಅಳು ಬಂದುಬಿಟ್ಟಿತು. ಅಳುತ್ತಲೇ ಕೂತು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಪ್ರಪಂಚದಲ್ಲಿ ಎಷ್ಟೊಂದು ಜನರ ಪೆನ್‌ಡ್ರೈವು ಕಾಣುತ್ತಿಲ್ಲ! ಒಬ್ಬೊಬ್ಬರಿಗೆ ಹತ್ತು ಜನ ಉತ್ತರ ಹೇಳಿದ್ದಾರೆ, ಹತ್ತು ಜನರೂ ತಮ್ಮತಮ್ಮೊಳಗೆ ಜಗಳವಾಡಿದ್ದಾರೆ, ಕೊನೆಗೆ ಪ್ರಶ್ನೆ ಕೇಳಿದವನು "ಸರಿಹೋಯಿತು, ಧನ್ಯವಾದ" ಎಂದು ಬರೆದು ಹೇಗೆ ಸರಿಹೋಯಿತೆಂದು ಹೇಳದೆ ಮಾಯವಾಗಿದ್ದಾನೆ. ನಮ್ಮ ಬೀದಿಯಲ್ಲಿ ಯಾರಿಗಾದರೂ ಸೊಂಟ ನೋವು ಬಂದರೆ ನಡೆಯುವುದೂ ಇದೇ.

ಮರುದಿನ ಬೆಳಿಗ್ಗೆ ಕಾಫಿ ಕುಡಿದು, ಎಲ್ಲ ವಿದ್ಯೆಯೂ ಮುಗಿದವರು ಮಾಡುವ ಕೆಲಸ ಮಾಡಿದೆ. ಪೆನ್‌ಡ್ರೈವಿನ ಬಾಯಿಗೆ ಊದಿದೆ. ಟಾರ್ಚ್ ಹತ್ತದಿದ್ದರೆ ಕುಟ್ಟುವುದು, ಪೆನ್ನು ಬರೆಯದಿದ್ದರೆ ಕೊಡಹುವುದು, ಬೇರೆ ಯಾವುದಕ್ಕಾದರೂ ಊದುವುದು. ನಮ್ಮ ದೇಶದ ರಿಪೇರಿ ಶಾಸ್ತ್ರ ನಿಂತಿರುವುದೇ ಇವುಗಳ ಮೇಲೆ. ಊದಿದಾಗ ಏನೋ ಪುಡಿ ನನ್ನ ಮೂಗಿಗೇ ಹಾರಿತು. ಸೀನು ಬಂತು. ಸೀನಿದ ಮೇಲೆ ವಾಸನೆ ಬಂತು.

ಶ್ರೀಗಂಧದ ವಾಸನೆ!

ಮತ್ತೊಮ್ಮೆ ಮೂಸಿದೆ. ಸಂಶಯವೇ ಇಲ್ಲ. ಅತ್ತೆ ಪಂಚಾಂಗ ಓದಲು ಇಟ್ಟುಕೊಂಡಿರುವ ಭೂತಗನ್ನಡಿ ತಂದು ಬೆಳಕಿಗೆ ಹಿಡಿದು ನೋಡಿದೆ. ಪೆನ್‌ಡ್ರೈವಿನ ಲೋಹದ ಬಾಯೊಳಗೆ, ಚಿನ್ನದ ಬಣ್ಣದ ಸಣ್ಣ ಪಟ್ಟಿಗಳು ಇರಬೇಕಾದ ಕಡೆ, ತೇದ ಗಂಧ ಒಣಗಿ ಗಾರೆಯ ಹಾಗೆ ಕೂತಿತ್ತು. ಅದರ ಮೇಲೆ ಕುಂಕುಮದ ಕೆಂಪು. ನನಗೆ ತಡೆಯಲಾಗಲಿಲ್ಲ.

"ಅತ್ತೇ, ಈ ಪೆನ್‌ಡ್ರೈವಿಗೆ ಎಂತ ಮಾಡಿದ್ರಿ?"

ಅತ್ತೆ ದೇವರಿಗೆ ಹೂ ಕೊಯ್ದುಕೊಂಡು ಒಳಗೆ ಬರುತ್ತಿದ್ದರು. "ಎಂತ ಮಾಡ್ತಿ? ಆಯುಧ ಪೂಜೆ ದಿನ ಎಲ್ಲದ್ರ ಒಟ್ಟಿಗೆ ಅದ್ಕೂ ಗಂಧ ಕುಂಕುಮ ಹಚ್ಚಿದಿ. ಸ್ಕೂಟರಿಗೆ ಹಚ್ಚಲಕ್ಕು, ತವರುಮನೆಗೆ ಹಚ್ಚಲಾಗ್ದ?"

"ಹಚ್ಚಲಕ್ಕು ಅತ್ತೆ. ಬಾಯೊಳಗೆ ಎಂತಕ್ಕೆ ಹಚ್ಚಿದ್ರಿ?"

ಅವರು ನನ್ನನ್ನು ಏನೂ ತಿಳಿಯದವಳನ್ನು ನೋಡುವಂತೆ ನೋಡಿದರು. "ಅದ್ರ ಬಾಗ್ಲು ಅದೇ ಅಲ್ದ? ಮನೆ ಅಂದ್ಮೇಲೆ ಹೊಸ್ತಿಲಿಗೇ ಅಲ್ದ ಹಚ್ಚದು?"

ಇವರ ತರ್ಕದಲ್ಲಿ ಎಲ್ಲಿ ತಪ್ಪಿದೆಯೆಂದು ಇವತ್ತಿಗೂ ನನಗೆ ಗೊತ್ತಾಗಿಲ್ಲ. ದಿನಾ ಬೆಳಿಗ್ಗೆ ಎದ್ದು ನಮ್ಮ ಮನೆಯ ಹೊಸ್ತಿಲು ತೊಳೆದು ಅರಿಶಿನ ಕುಂಕುಮ ಹಚ್ಚಿ ಹೂವಿಡುವವರು ಅವರು. ಹುಟ್ಟಿದ ಮನೆಯ ಹೊಸ್ತಿಲಿಗೆ ಹಾಗೆ ಮಾಡುವ ಅವಕಾಶ ಅವರಿಗೆ ಹುಡುಗಿಯಾಗಿದ್ದಾಗಲೇ ತಪ್ಪಿಹೋಗಿತ್ತು. ಅಷ್ಟು ವರ್ಷಗಳ ಮೇಲೆ ಆ ಮನೆ ಅಂಗೈ ಮೇಲೆ ಬಂದು ಕೂತಾಗ ಅವರು ಮೊದಲು ಅದರ ಬಾಗಿಲು ಯಾವ ಕಡೆಗಿದೆ ಎಂದು ನೋಡಿದ್ದಾರೆ. ಹೊರಗೆಲ್ಲ ನೀಟಾಗಿ ಒರೆಸಿ, ಆಯುಧ ಪೂಜೆಯಿಂದ ಹಬ್ಬ ಮುಗಿಯುವವರೆಗೆ ದೇವರ ಮನೆಯಲ್ಲಿಟ್ಟು ದಿನವೂ ತಪ್ಪದೆ ಬೆರಳ ತುದಿಯಿಂದ ಆ ತೂತಿನೊಳಗೆ ಗಂಧ ಒತ್ತಿದ್ದಾರೆ. ಹೊಸ್ತಿಲ ಮೇಲೆ ಇಷ್ಟು ಪೂಜೆ ನಡೆದಿದ್ದರೆ ನನ್ನ ಬಡ ಕಂಪ್ಯೂಟರ್ ಅದನ್ನು ದಾಟಿ ಒಳಗೆ ಹೋಗುವುದಾದರೂ ಹೇಗೆ?

ಆಮೇಲಿನ ಕೆಲಸಕ್ಕೆ ಲಿನಕ್ಸ್ ಬೇಕಾಗಲಿಲ್ಲ. ಹಿಡಿಕಡ್ಡಿಯೊಂದನ್ನು ಪೊರಕೆಯಿಂದ ಕಿತ್ತು, ತುದಿ ಚಪ್ಪಟೆ ಮಾಡಿ, ಗಂಧವನ್ನು ಮೆಲ್ಲಗೆ ಎಬ್ಬಿಸಿದೆ. ಗಾಯಕ್ಕೆ ಹಚ್ಚುವ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಕಡ್ಡಿಗೆ ಸುತ್ತಿ ಒರೆಸಿದೆ. ಅತ್ತೆ ಪಕ್ಕದಲ್ಲಿ ನಿಂತು, "ಪ್ರಸಾದ, ಕೆಳಗೆ ಬೀಳ್ಸಡ" ಎನ್ನುತ್ತಿದ್ದರು. ಉದುರಿದ ಗಂಧವನ್ನು ಕಾಗದದ ಮೇಲೆ ಹಿಡಿದು ತುಳಸಿಕಟ್ಟೆಗೆ ಹಾಕಿಬಂದರು. ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಆರಲು ಬಿಟ್ಟೆವು. ಅಷ್ಟರಲ್ಲಿ ಅವರು ಸೀರೆ ಬದಲಿಸಿ ಹೊಸ ಹೂ ಮುಡಿದು ಬಂದಿದ್ದರು.

ಚುಚ್ಚಿದೆ. ಕಪ್ಪು ಚೌಕದಲ್ಲಿ ಅಕ್ಷರದ ಸಾಲುಗಳು ದಡಬಡ ಓಡಿದವು. ಯಾರೋ ಬಂದರು, ಇಂಥವರು, ಹೊಟ್ಟೆ ಇಷ್ಟು ದೊಡ್ಡದು. ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದೆ. ನಮ್ಮನೆಯವರು ಪೇಪರ್ ಸಮೇತ ಓಡಿಬಂದರು. ಏನೇ ಆಗಲಿ ಎಂದು ಮೊದಲು ವೀಡಿಯೊವನ್ನು ಕಂಪ್ಯೂಟರಿಗೆ ಪ್ರತಿ ಮಾಡಿಕೊಂಡೆ. ಆಮೇಲೆ ತೆರೆದೆ.

ಗಣಪತಿ ಒಳ್ಳೆಯ ಹುಡುಗ, ಆದರೆ ಕ್ಯಾಮೆರಾ ಹಿಡಿಯುವ ಕೈಯಲ್ಲ. ಮೊದಲು ಬಹಳ ಹೊತ್ತು ಅವನ ಚಪ್ಪಲಿ ಕಂಡಿತು. ಬಿರುಕು ಬಿಟ್ಟ ಕೆಸರು, ಗಾಳಿಯ ಸದ್ದು, ಒಂದು ಬೊಡ್ಡೆ, ಅವನ ಹೆಬ್ಬೆರಳು. ಆಮೇಲೆ ಕಲ್ಲಿನ ಮೆಟ್ಟಿಲು, ಗೋಡೆಯ ಬುಡ, ಅರ್ಧ ಹೂತುಹೋದ ಒರಳು. "ಅತ್ತೇ, ನೋಡು, ಇದೇ ನಿನ್ನ ಮನೆ" ಎಂದು ಅವನ ದನಿ. ಅತ್ತೆ ಪರದೆಗೆ ಮುಖ ತಾಗುವಷ್ಟು ಬಗ್ಗಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ನಮ್ಮನೆಯವರು ಕನ್ನಡಕ ತೆಗೆದು ಒರೆಸಿಕೊಂಡರು.

"ಇದು ಎಂಗಳ ಮನೆ ಅಲ್ಲ" ಎಂದರು ಅತ್ತೆ.

ಇಷ್ಟೆಲ್ಲ ಮಾಡಿ!

"ಇದು ದೇವಕಿ ಮನೆ. ಮೆಟ್ಲು ನೋಡು, ನಡುವಿಂದು ಒಡದ್ದು. ಆನೂ ದೇವಕಿಯೂ ಆ ಒರಳಿನ ಗುಂಡು ಉರುಳ್ಸಿ ಆಡ್ತಾ ಇದ್ದಾಗ ಒಡದ್ದು. ಒಡದ್ದು ದೇವಕಿ, ಬೈಸ್ಕಂಡದ್ದು ಆನು."

ದೇವಕಿ ಅತ್ತೆಯ ಓರಗೆಯ ಗೆಳತಿ. ದೇವಕಿ ಒಡೆದು ಅತ್ತೆ ಬೈಸಿಕೊಂಡ ಆ ಮೆಟ್ಟಿಲಿನ ಜಗಳದಿಂದ ಇಬ್ಬರೂ ಮಾತು ಬಿಟ್ಟರಂತೆ. ಇವತ್ತು ಮಾತಾಡಿಸೋಣ, ನಾಳೆ ಮಾತಾಡಿಸೋಣ ಎನ್ನುತ್ತಿರುವಾಗ ನೀರು ಬಂತು. ಅವರ ಮನೆಯವರು ಒಂದು ದಿಕ್ಕಿಗೆ ಹೋದರು, ಇವರ ಮನೆಯವರು ಒಂದು ದಿಕ್ಕಿಗೆ. ಇದನ್ನೆಲ್ಲ ಹೇಳುತ್ತಿದ್ದ ಅತ್ತೆ ತಟ್ಟನೆ ಮಾತು ನಿಲ್ಲಿಸಿ, ಹಣೆಗೆ ಕೈ ಹಚ್ಚಿಕೊಂಡು ನಗತೊಡಗಿದರು. "ಅಯ್ಯೋ ಸುಮಾ, ಇಷ್ಟು ದಿನ ದೇವಕಿ ಮನೆ ಹೊಸ್ತಿಲಿಗೆ ಗಂಧ ಹಚ್ಚಿದ್ನಲೇ!" ಎಂದು ನಕ್ಕರು, ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ನಾವೂ ನಕ್ಕೆವು. ಆಮೇಲೆ ಆ ಮೆಟ್ಟಿಲನ್ನು ಇನ್ನೊಂದು ಸಲ ತೋರಿಸು ಎಂದರು, ತೋರಿಸಿದೆ. ಮತ್ತೂ ಒಂದು ಸಲ ಎಂದರು.

ವೀಡಿಯೊ ಮುಗಿಯುವ ಮೊದಲು ಗಣಪತಿ ಕ್ಯಾಮೆರಾವನ್ನು ಒಮ್ಮೆ ನೀರಿನ ಕಡೆಗೆ ತಿರುಗಿಸಿದ್ದಾನೆ. ಇಳಿಜಾರಿನ ಕೆಳಗೆ ಬಿಸಿಲಿಗೆ ಹೊಳೆಯುವ ಹಿನ್ನೀರು, ಆಚೆಗೆ ಗುಡ್ಡ, ಅಷ್ಟೇ.

"ನಿಲ್ಸು, ಅಲ್ಲೇ ನಿಲ್ಸು" ಎಂದರು ಅತ್ತೆ.

ನಿಲ್ಲಿಸಿದೆ. ಅವರು ದೇವಕಿ ಮನೆಯ ದಿಕ್ಕನ್ನು ಕೈಯಲ್ಲೇ ಅಳೆದು, ಬಾಯಲ್ಲಿ ಏನೋ ಲೆಕ್ಕ ಹಾಕಿ, ನೀರಿನ ಮೇಲೆ ಒಂದು ಕಡೆ ಬೆರಳಿಟ್ಟರು. "ಎಂಗಳ ಮನೆ ಇಲ್ಲಿ ಇದ್ದು. ದೇವಕಿ ಮನೆಯಿಂದ ಇಷ್ಟು ಕೆಳಗೆ. ಇದು ಯಾವ ಬೇಸಿಗೆಗೂ ಮೇಲೆ ಬತ್ತಿಲ್ಲೆ."

ನಾನು ಕಣ್ಣು ಕಿರಿದು ಮಾಡಿ ನೋಡಿದೆ. "ಎಂಗೆ ಬರೇ ನೀರು ಕಾಣ್ತು ಅತ್ತೆ."

"ನಿಂಗೆ ಕಾಣ್ತಿಲ್ಲೆ. ಆದ್ರೆ ಇದ್ದು" ಎಂದರು. ಷರತ್ತನ್ನು ಬಿಟ್ಟು ಬರೆದ ನನ್ನ ಆ ಉತ್ತರಪತ್ರಿಕೆ ನೆನಪಾಯಿತು. ಅವರು ಬೆರಳು ತೆಗೆಯದೆ ಬಹಳ ಹೊತ್ತು ಹಾಗೆಯೇ ಕೂತಿದ್ದರು.

ಪೆನ್‌ಡ್ರೈವು ಈಗ ದೇವರ ಮನೆಯಲ್ಲಿಲ್ಲ. ದೇವಕಿ ಮನೆಯಲ್ಲವೇ, ಕಪಾಟಿನಲ್ಲಿದ್ದರೆ ಸಾಕು ಎಂದು ಅತ್ತೆಯೇ ತೀರ್ಪು ಕೊಟ್ಟಿದ್ದಾರೆ. ಆದರೂ ಮಧ್ಯಾಹ್ನ ಊಟವಾದ ಮೇಲೆ ಆಗಾಗ ಬಂದು, ದೇವಕಿ ಅಂಗಳ ಒಂದು ಸಲ ತೋರಿಸು ಎನ್ನುತ್ತಾರೆ. ನೋಡುತ್ತ ಮೆಟ್ಟಿಲು ಒಡೆದವರು ಯಾರೆಂದು ಇನ್ನೊಮ್ಮೆ ಹೇಳುತ್ತಾರೆ. ಕೊನೆಗೆ ನೀರಿನ ಚಿತ್ರ ಬಂದಾಗ ನಾನು ಹೇಳಿಸಿಕೊಳ್ಳದೆ ನಿಲ್ಲಿಸುತ್ತೇನೆ.

ಒಂದು ದಿನ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಪರದೆಯ ಮೇಲೆ, ಎಡಗಡೆ ಸ್ವಲ್ಪ ಕೆಳಗೆ, ಗಂಧದ ಒಂದು ಬೊಟ್ಟು, ಅದರ ನಡುವೆ ಕುಂಕುಮ. ಹಿಂದಿನ ದಿನ ಅತ್ತೆ ಬೆರಳಿಟ್ಟಿದ್ದ ಜಾಗ. ಪರದೆಯನ್ನು ಒರೆಸಲೆಂದೇ ನಾನು ಇಟ್ಟುಕೊಂಡಿರುವ ಮೆತ್ತನೆಯ ಬಟ್ಟೆ ಕೈಗೆ ಸಿಗುವಂತೆಯೇ ಇದೆ. ಒರೆಸಿಲ್ಲ. ಬೊಟ್ಟು ಮಾಸಿದರೆ ಅತ್ತೆ ಹೊಸದಿಡುತ್ತಾರೆ. ನಾನು ಕೆಲಸ ಮಾಡುವಾಗ ಮೌಸಿನ ಬಾಣ ಕೆಲವೊಮ್ಮೆ ಸರಿಯುತ್ತ ಹೋಗಿ ಆ ಬೊಟ್ಟಿನ ಅಡಿಗೆ ಸೇರಿ ಕಾಣದಾಗುತ್ತದೆ. ಮೊದಲಾದರೆ ಗಾಬರಿಯಾಗಿ ಕಂಪ್ಯೂಟರನ್ನು ಆರಿಸಿ ಹಚ್ಚುತ್ತಿದ್ದೆ. ಈಗ, ಕಾಣದಿದ್ದರೂ ಅಲ್ಲೇ ಇದೆಯೆಂದು, ಮೌಸನ್ನು ಮೆಲ್ಲಗೆ ಸರಿಸಿ ಅದು ಈಚೆ ಬರುವುದನ್ನು ಕಾಯುತ್ತೇನೆ.